ಅರವತ್ತು ಓವರಿಗೆ ಸಾಲದ ಹಗಲು

ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂಬುದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಳಿದದ್ದೆಲ್ಲ ಹಿಡಿದಿದ್ದೆ. ಕ್ರಿಕೆಟ್ ಪಿಚ್ಚಿಗೆ ಹಾಸುವ ಮ್ಯಾಟಿಗೆ ಬೇಕಾದ ಮೊಳೆ, ಗೆರೆ ಎಳೆಯುವ ಸುಣ್ಣ, ನಾಲ್ಕು ತಂಡಕ್ಕೆ ಕುಡಿಯುವ ನೀರಿನ ಕೊಡ, ಚೆಂಡು ಕಳೆದರೆ ಹುಡುಕುವವರು ಯಾರು ಎಂಬುದು ಕೂಡ ನನ್ನ ವಹಿಯಲ್ಲಿತ್ತು. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರ. ಸೀಟಿ ಊದಿದರೆ ಇಡೀ ಶಾಲೆ ಸಾಲಾಗಿ ನಿಲ್ಲುತ್ತಿತ್ತು. ಸೂರ್ಯನೂ ನಿಲ್ಲುತ್ತಾನೆಂದು ಒಳಗೊಳಗೆ ನಂಬಿದ್ದೆನೋ ಏನೋ.

ಎಂಬತ್ತಮೂರನೆಯ ಇಸವಿಯ ಜೂನ್‌ನಲ್ಲಿ ನಮ್ಮವರು ಇಂಗ್ಲೆಂಡಿಗೆ ಹೋಗಿ ವಿಶ್ವಕಪ್ ಗೆದ್ದು ಬಂದಿದ್ದರು. ಅಲ್ಲಿಯವರೆಗೆ ನಮ್ಮ ಕಡೆಯ ಕ್ರಿಕೆಟ್ಟಿಗೆ ಓವರುಗಳ ಮಿತಿ ಎಂಬುದೇ ಇರಲಿಲ್ಲ. ಬ್ಯಾಟು ಹಿಡಿದವನು ಔಟಾಗುವ ತನಕ ಆಡುತ್ತಿದ್ದ, ಹೊರಗಿನ ತಂಡದ ಕಡೆಯ ಬಸ್ಸಿನ ಹೊತ್ತಾದರೆ ಪಂದ್ಯ ಡ್ರಾ ಆಗುತ್ತಿತ್ತು, ಎಲ್ಲರೂ ಚಹಾ ಕುಡಿದು ಚದುರುತ್ತಿದ್ದರು. ಗೆದ್ದವರು ಯಾರೆಂದು ಮನೆಯಲ್ಲಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ರೇಡಿಯೊದಲ್ಲಿ ವಿಶ್ವಕಪ್ ಕೇಳಿದ ಮೇಲೆ ಎಲ್ಲರಿಗೂ ಗೆಲುವು ಸೋಲು ಇತ್ಯರ್ಥವಾಗುವ ಆಟ ಬೇಕಾಯಿತು. ಗದಗಿನ ಹತ್ತಿ ವ್ಯಾಪಾರಿಯೊಬ್ಬರು ಕಪ್ಪು ಕೊಡುತ್ತೇನೆಂದು ಮುಂದೆ ಬಂದರು. ಅವರದು ಒಂದೇ ಷರತ್ತು: ಎಲ್ಲವೂ ವಿಶ್ವಕಪ್ಪಿನ ಹಾಗೆಯೇ ಇರಬೇಕು. ತಂಡಕ್ಕೆ ಅರವತ್ತು ಓವರು, ಒಬ್ಬ ಬೌಲರಿಗೆ ಹನ್ನೆರಡು, ಸೆಮಿಫೈನಲ್ ಸೋತವರು ಮನೆಗೆ. ಹ್ಯಾಂಡ್‌ಬಿಲ್ಲಿನಲ್ಲಿ 'ವಿಶ್ವಕಪ್ ಮಾದರಿಯಲ್ಲಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದವನು ನಾನೇ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ನಾಲ್ಕು ತಂಡ. ಡಿಸೆಂಬರಿನ ಒಂದು ಗುರುವಾರ ಮೊದಲ ಸೆಮಿಫೈನಲ್, ಶುಕ್ರವಾರ ಎರಡನೆಯದು, ರವಿವಾರ ಫೈನಲ್. ನಡುವಿನ ಶನಿವಾರವನ್ನು ಮೀಸಲು ದಿನವೆಂದು ಖಾಲಿ ಬಿಟ್ಟಿದ್ದೆ. ಇಂಗ್ಲೆಂಡಿನಲ್ಲಿ ಮಳೆ ಬರುತ್ತದೆಂದು ಮೀಸಲು ದಿನ ಇಟ್ಟಿದ್ದರಂತೆ. ನಮ್ಮಲ್ಲಿ ಡಿಸೆಂಬರಿನಲ್ಲಿ ಮಳೆಯ ಸುಳಿವೇ ಇರುವುದಿಲ್ಲ, ಆದರೂ ಮಾದರಿ ಎಂದ ಮೇಲೆ ಮಾದರಿ.

ಇದರಲ್ಲಿ ಒಬ್ಬನಿಗೆ ಮಾತ್ರ ಕಪ್ಪಿಗಿಂತ ದೊಡ್ಡದೊಂದು ಪಣಕ್ಕಿತ್ತು. ಅವನು ಶಿರಹಟ್ಟಿಯವನು, ಮನೆಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬಿಕೊಡುವ ಕಸುಬು. ಹಿಂದಿನ ವರ್ಷ ನಮ್ಮ ಮನೆಯ ಗಾದಿಗೂ ಅವನೇ ಬಂದಿದ್ದ. ಪಡಸಾಲೆಯಲ್ಲಿ ಕುಳಿತು, ಎಡಗೈಯಲ್ಲಿ ಆಳುದ್ದದ ಬಿಲ್ಲು ಹಿಡಿದು, ಬಲಗೈಯ ಕೊಡತಿಯಿಂದ ಬಿಲ್ಲಿನ ನರವನ್ನು ಹೊಡೆಯುತ್ತಿದ್ದ. ತೋಳು ಅಲುಗುತ್ತಿರಲಿಲ್ಲ, ಎಲ್ಲ ಮಣಿಕಟ್ಟಿನಲ್ಲೇ ನಡೆಯುತ್ತಿತ್ತು. ಸುಮ್ಮನೆ ಒಂದು ಚೆಂಡು ಕೊಟ್ಟು ಅಂಗಳದಲ್ಲಿ ಎಸೆಯಲು ಹೇಳಿದೆ. ನಕ್ಕು, ತಾನು ಶಿರಹಟ್ಟಿ ತಂಡಕ್ಕೆ ಆಡುತ್ತೇನೆಂದು ಹೇಳಿ ಎಸೆದ. ಎದುರಿಗೆ ನಿಂತ ನನ್ನ ಎಡಕ್ಕೆ ಬಿದ್ದ ಚೆಂಡು ಬಲಕ್ಕೆ ಹೊರಳಿ ತುಳಸಿಕಟ್ಟೆಗೆ ಬಡಿಯಿತು. ಅಂಥ ಲೆಗ್ ಬ್ರೇಕನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಈ ಪಂದ್ಯಾವಳಿ ನೋಡಲು ಹುಬ್ಬಳ್ಳಿಯಿಂದ ಆಯ್ಕೆದಾರರೊಬ್ಬರು ಬರುವವರಿದ್ದರು. ಇಪ್ಪತ್ತೆರಡು ವರ್ಷದೊಳಗಿನವರ ವಲಯ ತಂಡಕ್ಕೆ ಆಟಗಾರರು ಬೇಕಾಗಿದ್ದರು. ರವಿವಾರ ಮಧ್ಯಾಹ್ನ ಬಂದು ಸಂಜೆ ಆರರ ಬಸ್ಸಿಗೆ ತಿರುಗಿ ಹೋಗುತ್ತೇನೆಂದು ಅವರು ಕಾರ್ಡು ಬರೆದಿದ್ದರು. ಗಾದಿಯವನಿಗೆ ಮಾರ್ಚಿನಲ್ಲಿ ಇಪ್ಪತ್ತೆರಡು ತುಂಬುತ್ತಿತ್ತು. ಅವನನ್ನು ಬಲ್ಲವರು ನೋಡಬೇಕಾದರೆ ಆ ಒಂದು ರವಿವಾರವೇ ಗತಿ. ರವಿವಾರ ಮೈದಾನದಲ್ಲಿರಬೇಕಾದರೆ ಶಿರಹಟ್ಟಿ ಗುರುವಾರ ಗೆಲ್ಲಬೇಕು. ನನ್ನ ಟೊಪ್ಪಿಗೆಯಲ್ಲಿ ಚೀಟಿ ಹಾಕಿ ಎತ್ತಿದಾಗ ಶಿರಹಟ್ಟಿಗೆ ಎದುರಾಳಿಯಾಗಿ ಬಂದದ್ದು ಎಲ್ಲರಿಗಿಂತ ಬಲವಾದ ಗದಗ-ಬೆಟಗೇರಿ. ಚೀಟಿ ಎತ್ತಿದ ಕೈ ನನ್ನದೇ, ಯಾರನ್ನು ಬೈಯಲಿ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಬೇಕಿದ್ದ ಆಟ ಗದಗಿನ ಬಸ್ಸು ತಡವಾಗಿ ಒಂಬತ್ತೂಮುಕ್ಕಾಲಿಗೆ ಶುರುವಾಯಿತು. ಗರಸು ಮಣ್ಣು ಹಾಕಿ ಬಿಗಿ ಮಾಡಿದ ನೆಲದ ಮೇಲೆ ಕತ್ತದ ಮ್ಯಾಟು ಎಳೆದು ಮೊಳೆ ಹೊಡೆದಿದ್ದೆವು. ಒಂದು ತುದಿಗೆ ನಾನು ಅಂಪೈರು, ಇನ್ನೊಂದು ತುದಿಗೆ ನಮ್ಮ ಶಾಲೆಯ ಭೂಗೋಳದ ಮಾಸ್ತರರು. ಚೆಂಡು ಎಣಿಸಲು ಇಬ್ಬರ ಜೇಬಿನಲ್ಲೂ ಆರಾರು ಹರಳು. ಮ್ಯಾಟಿನ ಆಚೆ ಇದ್ದದ್ದೆಲ್ಲ ಎರೆ ನೆಲ, ಆ ಹೊತ್ತಿಗೆ ಅದು ಒಣಗಿ ಮುಷ್ಟಿ ಹಿಡಿಸುವಷ್ಟು ಬಿರುಕು ಬಿಟ್ಟಿತ್ತು. ಚೆಂಡು ಉರುಳುತ್ತ ಹೋಗಿ ಬಿರುಕಿಗೆ ಬೀಳುತ್ತಿತ್ತು. ಫೀಲ್ಡರು ಮೊಣಕಾಲೂರಿ ಕೈಹಾಕಿ ತೆಗೆಯುವಷ್ಟರಲ್ಲಿ ಬ್ಯಾಟಿನವರು ಮೂರು ರನ್ನು ಓಡುತ್ತಿದ್ದರು. ಒಮ್ಮೆ ಕಟ್ಟಿಗೆಯಿಂದ ಮೀಟಿ ತೆಗೆಯಬೇಕಾಯಿತು. ಇನ್ನು ಅಂಚಿನ ಮುಳ್ಳಿನ ಜಾಲಿಕಂಟಿಗೆ ಹೋದ ಚೆಂಡಿನ ಪಾಡು ಕೇಳುವುದೇ ಬೇಡ.

ಗದಗ-ಬೆಟಗೇರಿ ಅರವತ್ತು ಓವರು ಮುಗಿಸಿ ನೂರಾ ಎಂಬತ್ತೇಳು ಹೊಡೆದಾಗ ಗಡಿಯಾರದಲ್ಲಿ ಎರಡೂವರೆ. ಗಾದಿಯವನು ತನ್ನ ಹನ್ನೆರಡು ಓವರಿನಲ್ಲಿ ಮೂರು ವಿಕೆಟ್ ತೆಗೆದಿದ್ದ. ಮೊದಲ ಐದಾರು ಓವರು ಪೆಟ್ಟು ತಿಂದು, ಬ್ಯಾಟಿನವರ ಕಾಲು ಎತ್ತ ಸರಿಯುತ್ತದೆಂದು ನೋಡಿಕೊಂಡು, ಆಮೇಲೆ ಹಿಡಿಯುವುದು ಅವನ ಪದ್ಧತಿ. ಝುಣಕ ರೊಟ್ಟಿ ಉಂಡು ಎದ್ದಾಗ ಮೂರೂಕಾಲು. ಶಿರಹಟ್ಟಿಯವರು ಇಪ್ಪತ್ತೆಂಟು ಓವರಿಗೆ ಮೂರು ವಿಕೆಟ್ಟಿಗೆ ಎಪ್ಪತ್ತನಾಲ್ಕು ಮಾಡಿದ್ದಾಗ ಭೂಗೋಳದ ಮಾಸ್ತರರು ಬೇಲ್ಸ್ ಎತ್ತಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದರು. ಚೆಂಡು ಕಾಣುತ್ತಿರಲಿಲ್ಲ. ಮೈದಾನದ ಅಂಚಿನಲ್ಲಿ ಶಿರಹಟ್ಟಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇನ್ನೂ ಮೂವತ್ತೆರಡು ಓವರು ಬಾಕಿ.

ಲೆಕ್ಕ ಎಲ್ಲಿ ತಪ್ಪಿತೆಂದು ನನಗೆ ತಿಳಿಯಲಿಲ್ಲ. ರೇಡಿಯೊದಲ್ಲಿ ಮಧ್ಯಾಹ್ನ ಮೂರೂವರೆಗೆ ಶುರುವಾದ ಆಟ ರಾತ್ರಿ ಹನ್ನೆರಡರ ಸುಮಾರಿಗೆ ಮುಗಿದದ್ದನ್ನು ಗುರುತು ಹಾಕಿಕೊಂಡಿದ್ದೆ. ಊಟದ ಬಿಡುವು ಕಳೆದು ಎಂಟು ತಾಸು, ಒಂಬತ್ತಕ್ಕೆ ಶುರು ಮಾಡಿದರೆ ಐದೂವರೆಗೆ ಮುಗಿಯಲೇಬೇಕು. ಭೂಗೋಳದ ಮಾಸ್ತರರು ಶಾಂತವಾಗಿ ಹೇಳಿದರು: "ಅಲ್ರಿ, ಇಂಗ್ಲೆಂಡಿನ್ಯಾಗ ಜೂನ್ ತಿಂಗಳದಾಗ ಸೂರ್ಯ ಮುಳಗೂದ ಒಂಬತ್ತ ಗಂಟೇಕ್ಕ. ಆಟ ತಡಾ ಆದ್ರೂ ಅವ್ರಿಗೆ ಬೆಳಕಿರ್ತೈತಿ. ನಮಗ ಡಿಸೆಂಬರದಾಗ ಆರಕ್ಕ ಕತ್ತಲಿ."

ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. ನೀವು ಕೇಳಲಿಲ್ಲವಲ್ಲ ಎಂದರು. ಎಂಟನೆಯ ಇಯತ್ತೆಯ ಹುಡುಗರಿಗೆ ಅದೇ ಪಾಠವನ್ನು ಅವರು ಹಿಂದಿನ ವಾರವಷ್ಟೇ ಮಾಡಿದ್ದರಂತೆ, ನನ್ನ ಡ್ರಿಲ್ ಕೋಣೆಯ ಪಕ್ಕದ ಕೋಣೆಯಲ್ಲಿ. ಸಿಟ್ಟು ಬಂತು, ಆದರೆ ಅದು ನನ್ನ ಮೇಲೆಯೇ ಬರಬೇಕಾದ ಸಿಟ್ಟು.

ದೀಪ ಹಚ್ಚುವ ಹೊತ್ತಿಗೆ ಅದೇ ಡ್ರಿಲ್ ಕೋಣೆಯಲ್ಲಿ ಸಭೆ ಕೂಡಿತು. ಕಪ್ಪು ಕೊಡುವ ಹತ್ತಿ ವ್ಯಾಪಾರಿಗಳು, ಬ್ಯಾಂಕಿನಲ್ಲಿ ಕಾರಕೂನರಾಗಿದ್ದ ಗದಗಿನ ಕ್ಯಾಪ್ಟನ್, ಸೈಕಲ್ ಅಂಗಡಿ ಇಟ್ಟಿದ್ದ ಶಿರಹಟ್ಟಿಯ ಕ್ಯಾಪ್ಟನ್, ನಾವಿಬ್ಬರು ಮಾಸ್ತರರು. ಗದಗಿನ ಕ್ಯಾಪ್ಟನ್ ತಮ್ಮ ರನ್ನಿನ ಗತಿ ಹೆಚ್ಚಿದೆ, ಗೆದ್ದೆವೆಂದು ಬರೆದುಕೊಡಿ ಎಂದರು. ಶಿರಹಟ್ಟಿಯವರು ಏಳು ವಿಕೆಟ್ ಕೈಯಲ್ಲಿವೆ, ಸೋತದ್ದು ಎಲ್ಲಿಂದ ಬಂತು ಎಂದರು. ವ್ಯಾಪಾರಿಗಳು ಮೀಸಲು ದಿನ ಇದೆಯಲ್ಲ, ಉಳಿದ ಓವರು ಶನಿವಾರ ಆಡಿಸಿ ಎಂದರು. ಕೇಳಲು ಸರಳವಾಗಿತ್ತು. ಆದರೆ ಶುಕ್ರವಾರದ ಆಟವೂ ಹೀಗೇ ಅರ್ಧಕ್ಕೆ ನಿಲ್ಲುವುದು ಖಾತ್ರಿ, ಎರಡು ಆಟದ ಬಾಕಿಯನ್ನು ಒಂದು ಶನಿವಾರ ಹೊರಲಾರದು. ರವಿವಾರದ ಫೈನಲ್ಲಿಗಂತೂ ಮುಂದೆ ಮೀಸಲು ದಿನವೇ ಇಲ್ಲ. ಕಪ್ಪು ಯಾರಿಗೆಂದು ಗೊತ್ತಾಗದೆಯೇ ಪಂದ್ಯಾವಳಿ ಮುಗಿಯುತ್ತಿತ್ತು, ನಮ್ಮ ಹಳೆಯ ಡ್ರಾಗಳ ಹಾಗೆ.

ಎದ್ದು ಹಲಗೆಯ ಮೇಲೆ ನಾಲ್ಕೂ ಊರಿನ ಹೆಸರು ಬರೆದೆ. ಒಂದೊಂದನ್ನು ಉಳಿದ ಮೂರಕ್ಕೆ ಗೆರೆ ಎಳೆದು ಜೋಡಿಸಿದೆ. ಆರು ಗೆರೆ ಬಂದವು, ಅಂದರೆ ಆರು ಪಂದ್ಯ. ಓವರು ಇಪ್ಪತ್ತೈದಕ್ಕೆ ಇಳಿಸಿದರೆ ಒಂದೇ ಮ್ಯಾಟಿನ ಮೇಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆಡಿಸಬಹುದು. ಶುಕ್ರ, ಶನಿ, ರವಿ ಮೂರು ದಿನಕ್ಕೆ ಆರೂ ಮುಗಿಯುತ್ತವೆ. ಸೋತವರು ಮನೆಗೆ ಹೋಗುವ ಮಾತಿಲ್ಲ, ದಿನಕ್ಕೊಂದರಂತೆ ಪ್ರತಿ ತಂಡಕ್ಕೂ ಮೂರು ಪಂದ್ಯ, ಹೆಚ್ಚು ಗೆದ್ದವರಿಗೆ ಕಪ್ಪು. ಗುರುವಾರದ ಆಟ ರದ್ದು. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು: ಹೀಗಾದರೆ ರವಿವಾರ ನಾಲ್ಕೂ ತಂಡ ಮೈದಾನದಲ್ಲಿರುತ್ತವೆ. ಇದನ್ನು ಪಂದ್ಯಾವಳಿ ಉಳಿಸಲು ಮಾಡಿದೆನೋ ಗಾದಿಯವನ ಸಲುವಾಗಿ ಮಾಡಿದೆನೋ ಎಂದು ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ವ್ಯಾಪಾರಿಗಳ ಮುಖ ಬಾಡಿತು. "ಹ್ಯಾಂಡ್‌ಬಿಲ್ಲಿನ್ಯಾಗ ಅರವತ್ತ ಅಂತ ಐತಲ್ರಿ ಮಾಸ್ತರ್ರ. ಇಪ್ಪತ್ತೈದಂದ್ರ ಹುಡುಗ್ರ ಆಟ ಆತಲ್ಲ," ಎಂದರು. ತಪ್ಪು ನನ್ನದು, ಬೆಳಿಗ್ಗೆ ಮೈದಾನದಲ್ಲಿ ನಾನೇ ನಿಂತು ಜನರಿಗೆ ಹೇಳುತ್ತೇನೆ ಎಂದೆ. ಗದಗಿನ ಕ್ಯಾಪ್ಟನ್ ಒಂದು ಇಡೀ ದಿನದ ಆಟ ನೀರಿಗೆ ಹೋಯಿತೆಂದು ಗೊಣಗಿದರು. ಒಂದು ಕೊಟ್ಟು ಮೂರು ತಗೊಳ್ರಿ ಎಂದೆ. ಅವರು ಲೆಕ್ಕ ಬಲ್ಲವರು, ಹಲಗೆ ನೋಡಿ ಒಪ್ಪಿಕೊಂಡರು.

ಒಪ್ಪದವನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಗಾದಿಯವನು ಬಸ್ಸಿಗೆ ಹೋಗದೆ ಸಭೆಯ ಖಬರು ಕೇಳಲು ಉಳಿದಿದ್ದ. ಹೇಳಿದೆ. ಅವನ ಮುಖದಲ್ಲಿ ಖುಷಿ ಕಾಣಲಿಲ್ಲ.

"ಸರ, ಇಪ್ಪತ್ತೈದಂದ್ರ ನನ್ನ ಪಾಲಿಗೆ ಐದ ಓವರ್ ಬಂದ್ವು. ಮನಷ್ಯಾನ ಕಾಲ ನೋಡೂದ್ರಾಗನ ನನಗ ಐದ ಓವರ್ ಬೇಕು. ಐದ್ರಾಗ ಏನ್ ತೋರಸ್ಲಿ?"

"ಐದ ಮೂರ್ಲೆ ಹದಿನೈದಲ್ಲೋ ತಮ್ಮಾ," ಎಂದೆ. "ಹನ್ನೆರಡಕ್ಕಿಂತ ಮೂರ ಹೆಚ್ಚಿಗೇನ ಆತು."

"ಹದಿನೈದ ಖರೆ ರಿ. ಆದ್ರ ಹುಬ್ಬಳ್ಳಿ ಸಾಹೇಬ್ರ ರವಿವಾರ ನೋಡೂದ ಐದನ ಅಲ್ಲೇನ್ರಿ?"

ಸೋತು ಶಿರಹಟ್ಟಿಯಲ್ಲಿ ಕೂಡ್ರುವುದಕ್ಕಿಂತ ಐದು ಮೇಲಲ್ಲವೇ ಎಂದಷ್ಟೇ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಮೊದಲ ಚೆಂಡು ಬಿತ್ತು. ಹಿಂದಿನ ದಿನ ನೀರು ಕುಡಿಯಲು ಹತ್ತು ನಿಮಿಷ ಹಿಡಿಯುತ್ತಿದ್ದವರಿಗೆ ಈಗ ಎರಡು ನಿಮಿಷ ಕೊಟ್ಟೆ. ಜಾಲಿಕಂಟಿಯ ಹತ್ತಿರ ಇಬ್ಬರನ್ನು ನಿಲ್ಲಿಸಿದೆ. ದೊಡ್ಡ ಬಿರುಕುಗಳಿಗೆ ಬೆಳಗಾಗುವ ಮೊದಲೇ ಗರಸು ತುಂಬಿಸಿದ್ದೆ. ಸೀಟಿಗೆ ಮರ್ಯಾದೆ ಬಂತು, ನಾಲ್ಕೂಕಾಲಿಗೆ ಎರಡೂ ಆಟ ಮುಗಿದವು. ಗೆದ್ದವರು ಯಾರು, ಸೋತವರು ಯಾರು ಎಂದು ಜನ ಖಚಿತವಾಗಿ ತಿಳಿದುಕೊಂಡು ಮನೆಗೆ ಹೋದರು. ನನಗೆ ಹೆಮ್ಮೆಯಾಯಿತು, ಮುಚ್ಚಿಟ್ಟುಕೊಳ್ಳುವುದು ಯಾಕೆ.

ಗಾದಿಯವನಿಗೆ ಮಾತ್ರ ಆ ದಿನ ಕೆಟ್ಟದ್ದಾಯಿತು. ಮುಂಡರಗಿ ತಂಡದಲ್ಲಿ ಡೋಣಿ ಎಂಬ ಊರಿನ ರೈತನೊಬ್ಬನಿದ್ದ, ಕುಂಟೆ ಹೊಡೆದ ತೋಳು. ಓವರು ಕಡಿಮೆ ಎಂದ ಮೇಲೆ ಕಾಯುವ ಕೆಲಸವೇ ಇಲ್ಲವೆಂದು ಮೊದಲ ಚೆಂಡಿನಿಂದಲೇ ಎತ್ತಿ ಹೊಡೆದ. ಐದು ಓವರಿಗೆ ನಲವತ್ತೊಂದು ರನ್ನು, ವಿಕೆಟ್ಟಿಲ್ಲ. ಶಿರಹಟ್ಟಿ ಸೋತಿತು. ಶನಿವಾರ ಗದಗ-ಬೆಟಗೇರಿಯ ಎದುರು ಸೈಕಲ್ ಅಂಗಡಿಯ ಕ್ಯಾಪ್ಟನ್ ಅವನ ಕೈಗೆ ಚೆಂಡನ್ನೇ ಕೊಡಲಿಲ್ಲ, ಬೇರೆ ಐವರಿಂದ ಹಾಕಿಸಿದ. ಶಿರಹಟ್ಟಿ ಗೆದ್ದಿತು. ಗೆದ್ದ ಮೇಲೆ ಕ್ಯಾಪ್ಟನ್ ಮಾಡಿದ್ದು ತಪ್ಪೆಂದು ಯಾರು ಹೇಳುತ್ತಾರೆ? ಹದಿನೈದು ಓವರಿನ ಆಸೆ ತೋರಿಸಿದವನು ನಾನು, ಸಿಕ್ಕದ್ದು ಐದು, ಅದೂ ಪೆಟ್ಟು ತಿಂದ ಐದು. ಗಾದಿಯವನು ಬೌಂಡರಿಯಲ್ಲಿ ನಿಂತು ಚೆಂಡು ಹೆಕ್ಕಿ ಎಸೆಯುತ್ತಿದ್ದ. ಅವನನ್ನು ರವಿವಾರದ ತನಕ ತಂದು ನಿಲ್ಲಿಸಿದ ನಿಯಮವೇ ಅವನ ಕೈಯಿಂದ ಚೆಂಡು ಕಸಿದಿತ್ತು.

ಆ ಸಂಜೆ ಶಿರಹಟ್ಟಿಯ ಕ್ಯಾಪ್ಟನ್ನಿಗೆ ನಾಳೆ ಅವನ ಕೈಗೆ ಚೆಂಡು ಕೊಡೆಂದು ಒಂದು ಮಾತು ಹೇಳಿಬಿಡಲೇ ಎಂದು ಎರಡು ಸಲ ಎದ್ದು ಎರಡು ಸಲ ಕುಳಿತೆ. ನಾನು ಅಂಪೈರು. ಸಾಲದ್ದಕ್ಕೆ ರವಿವಾರ ಅವರಿಗೆ ಎದುರಾಳಿ ನಮ್ಮ ಲಕ್ಷ್ಮೇಶ್ವರ, ಅದರಲ್ಲಿ ಅರ್ಧಕ್ಕರ್ಧ ನನ್ನ ಕೈಯಲ್ಲಿ ಕಲಿತವರು. ಯಾವ ಬಾಯಿಯಿಂದ ಹೇಳಲಿ? ಹೇಳಲಿಲ್ಲ.

ರವಿವಾರ ಬೆಳಿಗ್ಗೆ ಮುಂಡರಗಿಯವರು ಗದಗ-ಬೆಟಗೇರಿಯನ್ನೂ ಸೋಲಿಸಿ ಮೂರಕ್ಕೆ ಮೂರು ಗೆದ್ದರು. ಮಧ್ಯಾಹ್ನವಾಗುವ ಮೊದಲೇ ಕಪ್ಪು ಯಾರದೆಂದು ಇತ್ಯರ್ಥವಾಯಿತು. ಫೈನಲ್ ಇಲ್ಲದ ಪಂದ್ಯಾವಳಿ ಹೀಗೆಯೇ ಆಗುವುದೆಂದು ವ್ಯಾಪಾರಿಗಳು ನನ್ನನ್ನು ತಿವಿದರು. ಅದು ನಿಜ, ಒಪ್ಪಿಕೊಂಡೆ. ಜನ ಅರ್ಧ ಕರಗಿದರು. ಹುಬ್ಬಳ್ಳಿಯ ಆಯ್ಕೆದಾರರು ಬಸ್ಸಿನಿಂದ ಇಳಿದು ಬಂದಾಗ ಮೈದಾನದಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರದವರು ಮತ್ತು ಅವರ ಬಂಧುಬಳಗ ಮಾತ್ರ. ಬಿಳಿ ಟೊಪ್ಪಿಗೆಯ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿದರೆ ಅದನ್ನು ತಾವೇ ಎತ್ತಿಕೊಂಡು ಹೋಗಿ ಬೌಲರನ ಬೆನ್ನ ಹಿಂದೆ ಬಿಸಿಲಿನಲ್ಲಿ ಇಟ್ಟುಕೊಂಡರು.

ಲಕ್ಷ್ಮೇಶ್ವರ ಮೊದಲು ಬ್ಯಾಟು ಹಿಡಿಯಿತು. ಹತ್ತು ಓವರು ಕಳೆದರೂ ಗಾದಿಯವನಿಗೆ ಚೆಂಡು ಸಿಗಲಿಲ್ಲ. ಆದರೆ ಆ ದಿನ ಶಿರಹಟ್ಟಿಯ ಐವರು ಬೌಲರುಗಳಲ್ಲಿ ಒಬ್ಬನ ಸುಳಿವಿರಲಿಲ್ಲ. ಅವನು ಬಸ್ಸಿನ ಕಂಡಕ್ಟರ್, ರವಿವಾರ ಡ್ಯೂಟಿ ಬಿದ್ದಿತ್ತು. ಒಬ್ಬರಿಗೆ ಐದೇ ಓವರು ಎಂದರೆ ಇಪ್ಪತ್ತೈದಕ್ಕೆ ಐವರು ಬೇಕೇ ಬೇಕು. ಹದಿನೈದನೆಯ ಓವರು ಮುಗಿದಾಗ ಕ್ಯಾಪ್ಟನ್ ಬೆರಳು ಮಡಿಚಿ ಎಣಿಸಿದ, ಮತ್ತೆ ಎಣಿಸಿದ, ಆಮೇಲೆ ಬೌಂಡರಿಯ ಕಡೆ ನೋಡಿ ಕೈಬೀಸಿದ. ನಾನು ಹರಳುಗಳನ್ನು ಬಲಜೇಬಿಗೆ ಹಾಕಿಕೊಂಡು ಗಂಭೀರವಾಗಿ ನಿಂತೆ. ಒಳಗೆ ನಗು ಬರುತ್ತಿತ್ತು.

ಮೊದಲ ಓವರಿಗೆ ಹನ್ನೊಂದು ರನ್ನು ಹೋದವು. ಎರಡನೆಯದರಿಂದ ಅವನು ಕೈ ನಿಧಾನ ಮಾಡಿದ. ಶುಕ್ರವಾರದ ಪೆಟ್ಟಿನಿಂದ ಏನೋ ಕಲಿತಿದ್ದ, ಕಾಲು ನೋಡುತ್ತ ಕೂಡ್ರದೆ ಹೊಡೆಯಲಿ ಎಂದೇ ಚೆಂಡನ್ನು ಎತ್ತರಕ್ಕೆ ತೂಗಿ ಬಿಡುತ್ತಿದ್ದ. ನನ್ನ ಶಿಷ್ಯನೊಬ್ಬ ಮುಂದೆ ನುಗ್ಗಿ ಬಂದು ಸ್ಟಂಪಾದ. ಇನ್ನೊಬ್ಬನಿಗೆ ಒಳಗೆ ಬರುವ ಚೆಂಡು ಬಿತ್ತು, ಹೊರಗೆ ಹೋಗುತ್ತದೆಂದು ಬಿಟ್ಟ, ಸ್ಟಂಪು ಹಾರಿತು. ಅದೇ ಓವರಿನಲ್ಲಿ ಒಂದು ಸುಲಭದ ಕ್ಯಾಚು ಕೈಬಿಟ್ಟರು. ಐದು ಓವರು ಹೀಗೆ ಬಂದು ಹಾಗೆ ಮುಗಿದವು. ಇಪ್ಪತ್ತನಾಲ್ಕು ರನ್ನು, ಎರಡು ವಿಕೆಟ್. ಆಟ ನಾವು ಗೆದ್ದೆವು, ಏಳು ರನ್ನಿನಿಂದ. ಗಡಿಯಾರ ನೋಡಿದರೆ ನಾಲ್ಕು ಹತ್ತು.

ಕುರ್ಚಿಯ ಹತ್ತಿರ ಹೋಗಿ ಗಾದಿಯವನು ಹೇಗೆ ಕಂಡನೆಂದು ಕೇಳಿದೆ. ಆಯ್ಕೆದಾರರು ತಮ್ಮ ಚಿಕ್ಕ ವಹಿಯನ್ನು ತೆರೆದೇ ಇರಲಿಲ್ಲ.

"ಐದ ಓವರಿನ್ಯಾಗ ನನಗೇನ ಗೊತ್ತಾಗೂದಿಲ್ರಿ ಮಾಸ್ತರ್ರ. ಕೈ ಛಲೋ ಐತಿ. ಆದ್ರ ನಾ ಆರಸೂದು ಮೂರ ದಿನದ ಆಟಕ್ಕ. ಅಂವಾ ಹದಿನೈದನೇ ಓವರಿಗೆ ಹ್ಯಾಂಗಿರ್ತಾನಂತ ನೋಡದ ಏನ ಬರೀಲಿ?"

ಗುರುವಾರ ಸಂಜೆ ಕಟ್ಟೆಯ ಮೇಲೆ ಅವನು ಕೇಳಿದ ಮಾತನ್ನೇ ಇವರೂ ಆಡುತ್ತಿದ್ದರು. ನಾನು ತಲೆ ತಗ್ಗಿಸಿದೆ. ನನ್ನ ನೆರಳು ನನ್ನ ಮುಂದೆ ಉದ್ದಕ್ಕೆ ಬಿದ್ದಿತ್ತು. ಅದನ್ನು ನೋಡಿಯೇ ನನಗೆ ಬುದ್ಧಿ ಬಂತು. ಬೆನ್ನ ಹಿಂದೆ ಸೂರ್ಯ ಇನ್ನೂ ಇದ್ದ. ಗುರುವಾರ ಇದೇ ಹೊತ್ತಿಗೆ ಮೂವತ್ತೆರಡು ಓವರಿಗಿಂತ ಹೆಚ್ಚು ಬಾಕಿ ಇತ್ತು, ಇವತ್ತು ಆಟ ಮುಗಿದು ಒಂದೂಮುಕ್ಕಾಲು ತಾಸಿನ ಬೆಳಕು ಉಳಿದಿತ್ತು. ಆಚೆ ಇಬ್ಬರು ಮ್ಯಾಟಿನ ಮೊಳೆ ಕೀಳಲು ಬಗ್ಗಿದ್ದರು. ಸೀಟಿ ಊದಿದೆ. ಎಲ್ಲರೂ ಇದ್ದಲ್ಲೇ ನಿಂತರು.

ಪ್ಯಾಡು ಕಟ್ಟಿಕೊಂಡು ಬರುವಂತೆ ನನ್ನ ಶಿಷ್ಯರಿಗೆ ಹೇಳಿದೆ. ಗಾದಿಯವನ ಕೈಗೆ ಚೆಂಡು ಕೊಟ್ಟೆ. ಆಯ್ಕೆದಾರರು ಎದ್ದು ಬಂದು ನಾನು ನಿಲ್ಲುವ ಜಾಗದಲ್ಲಿ ನಿಂತು ಕೈ ಚಾಚಿದರು. ನನ್ನ ಆರು ಹರಳು ಅವರ ಅಂಗೈಯಲ್ಲಿಟ್ಟೆ.

ಆರು, ಏಳು, ಎಂಟು ಎಂದು ಓವರು ನಡೆದವು. ಸ್ಕೋರು ಬರೆಯುವವರಿಲ್ಲ, ರನ್ನಿನ ಹಂಗಿಲ್ಲ. ಹತ್ತರ ಹೊತ್ತಿಗೆ ಅವನು ತನ್ನ ಹಳೆಯ ಪದ್ಧತಿಗೆ ಬಂದಿದ್ದ. ಬ್ಯಾಟಿನವನ ಕಾಲು ನೋಡುವುದು, ಎರಡು ಚೆಂಡು ಹೊರಗೆ ಕಳಿಸುವುದು, ಮೂರನೆಯದನ್ನು ಒಳಗೆ ತರುವುದು. ಭೂಗೋಳದ ಮಾಸ್ತರರು ವಿಕೆಟ್ಟಿನ ಹಿಂದೆ ನಿಂತು ಚೆಂಡು ತಡೆದು ತಡೆದು ಮೊಣಕಾಲು ತರಚಿಸಿಕೊಂಡರು. ಹತ್ತಿ ವ್ಯಾಪಾರಿಗಳು ಕಪ್ಪು ಕೊಡುವುದನ್ನೂ ಮರೆತು ಮ್ಯಾಟಿನ ಪಕ್ಕಕ್ಕೇ ಬಂದು ಕುಳಿತಿದ್ದರು. ಹದಿನೇಳನೆಯ ಓವರಿನ ನಡುವೆ ಆಯ್ಕೆದಾರರು ವಯಸ್ಸು ಎಷ್ಟೆಂದು ನನ್ನನ್ನು ಕೇಳಿದರು. ಮಾರ್ಚಿನ ತನಕ ಅಡ್ಡಿಯಿಲ್ಲ ಎಂದೆ. ಹರಳುಗಳನ್ನು ಎಡಗೈಗೆ ಸರಿಸಿ, ವಹಿ ತೆರೆದು, ಅವನನ್ನೇ ಕರೆದು ಹೆಸರು ಊರು ಕೇಳಿ ಬರೆದುಕೊಂಡರು. ಜನೆವರಿ ಮೊದಲ ವಾರ ಹುಬ್ಬಳ್ಳಿಗೆ ಬರಬೇಕೆಂದರು. ಅವನು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಹೂಂ ಎಂದ, ಅಷ್ಟೇ.

ಅಷ್ಟರಲ್ಲಿ, ಆರಕ್ಕೆ ಇನ್ನೂ ಕಾಲು ತಾಸಿರುವಾಗಲೇ, ಮೈದಾನದ ಅಂಚಿಗೆ ಹುಬ್ಬಳ್ಳಿಯ ಬಸ್ಸು ಬಂದು ಹಾರ್ನ್ ಹೊಡೆಯಿತು. ಗಡಿಬಿಡಿಯಿಂದ ಅವರ ಚೀಲ ಎತ್ತಿಕೊಂಡು ಓಡಿಬಂದು, ಆರರ ಬಸ್ಸು ಬಂತು, ಇದೇ ಕಡೆಯದು ಎಂದು ಹೇಳಿದೆ. ಅವರು ತಿರುಗಿ ಸಹ ನೋಡಲಿಲ್ಲ. ಹರಳೊಂದನ್ನು ಬಲಗೈಗೆ ಸರಿಸಿದರು.

"ಹೋಗ್ಲಿ ಬಿಡ್ರಿ ಮಾಸ್ತರ್ರ," ಎಂದರು. "ಇನ್ನ ಬೆಳಕೈತಿ."

ಗಾದಿಯವನು ಆಗಲೇ ಬೆನ್ನು ತಿರುಗಿಸಿ, ಚೆಂಡನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಓಟ ಶುರು ಮಾಡುವ ಜಾಗದ ಕಡೆಗೆ ನಡೆಯುತ್ತಿದ್ದ.